ಮುತ್ತಿ ಹೆಸರಿನ ಫೋಲ್ಡರ್

ಹುಣಸೂರಿನ ಶಿವಶಂಕರನಿಗೆ ಕಂಪ್ಯೂಟರ್ ರಿಪೇರಿ ಗೊತ್ತಿತ್ತು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ತನಗೆ ಗೊತ್ತಿದ್ದುದಕ್ಕಿಂತ ಒಂದು ಹಿಡಿ ಹೆಚ್ಚೇ ಗೊತ್ತು ಎಂದು ಅವನು ನಂಬಿದ್ದ. ಆ ಒಂದು ಹಿಡಿಯಿಂದಲೇ ಇಷ್ಟೆಲ್ಲ ಆಯಿತು.

ಎರಡು ಸಾವಿರದ ಒಂಬತ್ತರ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಕಂಪ್ಯೂಟರ್ ಕೆಮ್ಮಿದರೂ ಜನ ಅವನಿಗೇ ಫೋನ್ ಮಾಡುತ್ತಿದ್ದರು. ಬೈಕಿನ ಚೀಲದಲ್ಲಿ ಸ್ಕ್ರೂಡ್ರೈವರು, ದೂಳು ಕೊಡವಲು ಒಂದು ಬಣ್ಣದ ಬ್ರಷ್ಷು, ಗೀರು ಬಿದ್ದ ನಾಲ್ಕಾರು ಸಿ.ಡಿ. ಅಷ್ಟು ಇಟ್ಟುಕೊಂಡು ಮಳೆಯೆನ್ನದೆ ಬಿಸಿಲೆನ್ನದೆ ತಿರುಗುತ್ತಿದ್ದ. ಮೂವತ್ತನಾಲ್ಕು ವಯಸ್ಸು. ಡಬ್ಬಿ ಬಿಚ್ಚುವಾಗ ಶಿಳ್ಳೆ ಹಾಕುವ ಚಟವಿತ್ತು. ಶಿಳ್ಳೆ ನಿಂತರೆ ರೋಗ ಸಿಕ್ಕಿತು ಎಂದೇ ಗಿರಾಕಿಗಳು ಅರ್ಥ ಮಾಡಿಕೊಳ್ಳುತ್ತಿದ್ದರು.

ಆಷಾಢದ ಒಂದು ಶುಕ್ರವಾರ ಬೆಳಿಗ್ಗೆ ಕೋಟೆಯಿಂದ ಸಿದ್ದಮಲ್ಲಪ್ಪ ಫೋನ್ ಮಾಡಿದರು. ಕಾಡಂಚಿನ ಹಾಡಿಗಳ, ಅಂದರೆ ಆದಿವಾಸಿ ಕೇರಿಗಳ, ಜನರ ಅರ್ಜಿ, ಅಹವಾಲು ಬರೆದುಕೊಡುವ ಒಂದು ಸಣ್ಣ ಸಂಘಕ್ಕೆ ಅವರು ಕಾರ್ಯದರ್ಶಿ. ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ, ಒಂದು ಬೀರು, ಒಂದು ಕಂಪ್ಯೂಟರ್. ಅದೇ ಆಫೀಸು.

"ಸಿಸ್ಟಮ್ಮು ಹುಚ್ಚಿಡ್ದಂಗ್ ಆಡ್ತದೆ ಕಣಪ್ಪ. ಒಂದ್ ಫೋಲ್ಡರ್ ತೆಗುದ್ರೆ ಒಳಗೆ ಅದೇ ಎಸ್ರುದು ಇನ್ನೊಂದು ಫೋಲ್ಡರ್ರು. ಅದ್ರೊಳಗೆ ಮತ್ತೊಂದು. ಸೋಮವಾರ ಇಯರಿಂಗು ಐತೆ, ಇವತ್ತೇ ಬಂದ್ಬುಡು."

ಹಿಯರಿಂಗ್ ಯಾವುದಪ್ಪಾ ಅಂದರೆ, ಹೊನ್ನೇಮರದ ಹಾಡಿಯವರದು. ಮೂವತ್ತೈದು ವರ್ಷದ ಹಿಂದೆ ಅವರನ್ನು ಕಾಡಿನೊಳಗಿನ ಹಳೇ ಹಾಡಿಯಿಂದ ಎಬ್ಬಿಸಿ ಅಂಚಿಗೆ ತಂದು ಕೂರಿಸಿದ್ದರು. ಆ ಹಳೇ ಜಾಗ ನಮ್ಮದು, ನಮ್ಮ ಸತ್ತವರು ಮಲಗಿರುವುದು ಅಲ್ಲಿ, ಅದರ ಹಕ್ಕು ಕೊಡಿ ಎಂದು ಈಗ ಹೊಸ ಕಾನೂನಿನಡಿ ಅರ್ಜಿ ಹಾಕಿದ್ದರು. ಕಾಗದ ಪತ್ರ ಅಂತ ಅವರ ಹತ್ತಿರ ಏನಿರುತ್ತದೆ? ಹಿರಿಯರ ಹೇಳಿಕೆಯೂ ಒಂದು ಸಾಕ್ಷಿ ಅಂತ ಕಾನೂನಿನಲ್ಲಿ ಇತ್ತು. ಆದರೆ ಹಳೇ ಹಾಡಿಯಲ್ಲಿ ಸಂಸಾರ ಮಾಡಿದ ಹಿರಿಯರಲ್ಲಿ ಉಳಿದಿದ್ದವಳು ಮುತ್ತಿ ಒಬ್ಬಳೇ. ಮಿಕ್ಕವರೆಲ್ಲ ಒಂದೋ ಸತ್ತಿದ್ದರು, ಇಲ್ಲವೇ ಎಬ್ಬಿಸಿದಾಗ ಕೈಗೂಸಾಗಿದ್ದವರು.

ಮುತ್ತಿಯ ಮೊಮ್ಮಗಳು ಶೋಭಾ. ಆ ಹಾಡಿಯಲ್ಲಿ ಪಿಯುಸಿ ಮುಟ್ಟಿದ ಮೊದಲ ಹುಡುಗಿ, ಸಂಘದ ಆಫೀಸಿನಲ್ಲಿ ಟೈಪು ಮಾಡುತ್ತಿದ್ದವಳು. ಮೈಸೂರಿನ ಯಾರೋ ಮೇಷ್ಟರಿಂದ ಬೆಂಕಿಪೊಟ್ಟಣದಷ್ಟು ರೆಕಾರ್ಡರೊಂದನ್ನು ವಾರದ ಮಟ್ಟಿಗೆ ಕೇಳಿ ತಂದಳು. ಕಾಡಿನ ಗಾರ್ಡುಗಳ ಅಪ್ಪಣೆ ಪಡೆದು ಅಜ್ಜಿಯನ್ನು ಮೂರು ದಿನ ಹಳೇ ಹಾಡಿಗೆ ಕರೆದುಕೊಂಡು ಹೋದಳು. ಮುದುಕಿ ಕೋಲೂರಿಕೊಂಡು ನಡೆದು, ಇಲ್ಲಿ ನಮ್ಮ ಒಲೆ, ಇಲ್ಲಿ ನೀರಿನ ಗುಂಡಿ, ಇಲ್ಲಿ ಕಲ್ಲು ಇಟ್ಟ ಕಡೆ ನನ್ನ ಮಾವ, ಅದರ ಪಕ್ಕ ನನ್ನ ಎರಡನೇ ಕೂಸು ಎಂದು ಒಂದೊಂದನ್ನೂ ಹೆಸರಿಟ್ಟು ಹೇಳಿದ್ದಳು. ಎಲ್ಲ ಸೇರಿ ಹನ್ನೊಂದು ತುಂಡು. ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು, ರೆಕಾರ್ಡರನ್ನು ಅಳಿಸಿ ಮೇಷ್ಟರಿಗೆ ವಾಪಸು ಕೊಟ್ಟಾಗಿತ್ತು. ಕೇಳಿ ಕೇಳಿ ಬರೆದುಕೊಂಡು ಅಜ್ಜಿಯ ಹೆಬ್ಬೆಟ್ಟು ಒತ್ತಿಸುವುದು ಬಾಕಿ ಇತ್ತು. ಅಷ್ಟರಲ್ಲಿ ಗುರುವಾರ ಬೆಳಗಿನ ಜಾವ ಮುತ್ತಿ ತೀರಿಕೊಂಡಳು.

ಅರ್ಜಿ ವಿಚಾರಿಸುವ ಸಾಹೇಬರು ಮನುಷ್ಯತ್ವ ಇದ್ದವರೇ. "ಮುದುಕಿ ಮಾತು ರೆಕಾರ್ಡ್ ಆಗಿದ್ದರೆ ತನ್ನಿ, ಎಲ್ಲರೆದುರಿಗೆ ಹಾಕಿ ಕೇಳೋಣ" ಎಂದಿದ್ದರು. ಹೀಗಾಗಿ ಹೊನ್ನೇಮರದ ಹಾಡಿಯ ಅರವತ್ತು ಮನೆಯ ಮಾತು ಆ ಗೊಬ್ಬರದಂಗಡಿ ಮಹಡಿಯ ಕಂಪ್ಯೂಟರಿನಲ್ಲಿ ಕೂತಿತ್ತು. ಆ ಕಂಪ್ಯೂಟರಿಗೆ ರೋಗ ಹಿಡಿದಿತ್ತು.

ಶಿವಶಂಕರ ಹನ್ನೊಂದು ಗಂಟೆಗೆಲ್ಲ ನೆನೆದುಕೊಂಡೇ ಬಂದ. ಸಿದ್ದಮಲ್ಲಪ್ಪ ಒಬ್ಬರೇ ಇದ್ದರು. ಶೋಭಾ ಹಾಡಿಯಲ್ಲಿದ್ದಳು, ಮಣ್ಣು ಮಾಡಿ ಇನ್ನೂ ಒಂದು ದಿನ ಆಗಿತ್ತಷ್ಟೆ. ಅಲ್ಲಿ ಮೊಬೈಲಿನ ಸಿಗ್ನಲ್ಲೂ ಬರುತ್ತಿರಲಿಲ್ಲ.

"ಆ ಹುಡ್ಗಿ ಹೇಳ್ಕಳ್ಸವ್ಳೆ. ಮುತ್ತಿ ಅಂತ ಒಂದ್ ಫೋಲ್ಡರ್ ಐತಂತೆ, ಅದೊಂದು ಜ್ವಾಪಾನ ಅಂತೆ. ಮಿಕ್ಕದ್ದು ನೀ ಏನಾರ ಮಾಡ್ಕೊ" ಎಂದರು ಸಿದ್ದಮಲ್ಲಪ್ಪ. ಅವರು ಒಂದೇ ಬೆರಳಿನಲ್ಲಿ ಕೀಲಿ ಒತ್ತುವವರು, ಕಂಪ್ಯೂಟರನ್ನು ಮುಟ್ಟುವಾಗಲೂ ಕರೆಂಟು ಹೊಡೆದೀತೆಂದು ಚಪ್ಪಲಿ ಹಾಕಿಕೊಳ್ಳುವವರು. ಅವರನ್ನು ಇನ್ನೇನು ಕೇಳುವುದು ಎಂದು ಶಿವಶಂಕರ ಕೇಳಲೂ ಇಲ್ಲ.

ಶಿಳ್ಳೆ ಹಾಕುತ್ತ ಕೂತವನು ಹತ್ತೇ ನಿಮಿಷದಲ್ಲಿ ನಿಲ್ಲಿಸಿದ. ರೋಗ ಸಿಕ್ಕಿತು. ಎಲ್ಲ ಫೋಲ್ಡರಿನೊಳಗೂ ಅದೇ ಹೆಸರಿನ ಮರಿ ಫೋಲ್ಡರು. ನೋಡಲು ಹಳದಿ ಬಣ್ಣ, ಥೇಟ್ ಫೋಲ್ಡರೇ. ಆದರೆ ನಿಜವಾದ ಫೋಲ್ಡರಿನ ಎದುರು ಗಾತ್ರ ಬರೆದಿರುವುದಿಲ್ಲ. ಇವುಗಳ ಎದುರು ಬರೆದಿತ್ತು. ಎಲ್ಲದಕ್ಕೂ ಇನ್ನೂರ ನಲವತ್ತು ಕೆ.ಬಿ., ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಇದು ಟ್ರೋಜನ್ನು ಸಾರ್" ಎಂದ. "ಫೋಲ್ಡರ್ ವೇಷ ಹಾಕ್ಕೊಂಡು ಕೂತದೆ. ನಾವು ಫೋಲ್ಡರ್ ಅಂದ್ಕೊಂಡು ಎರಡ್ ಸಲ ಒತ್ತುದ್ರೆ ಮುಗೀತು, ಒಳಗೆಲ್ಲ ಓಡಾಡ್ಬುಡ್ತದೆ. ಅದುಕ್ಕೆ ಅನುಮಾನ ಬಂದಿದ್ದನ್ನ ತೆಗೆದು ನೋಡ್ಬಾರ್ದು. ತೆಗೀದೆ ಸಾಯ್ಸಬೇಕು."

ಸಾಯಿಸಿದ. ಅದನ್ನು ಅವನು ಮಾಡಿದ ರೀತಿಯನ್ನು ಮಾತ್ರ ಮೆಚ್ಚಲೇಬೇಕು. ಯಂತ್ರವನ್ನು ಆರಿಸಿ, ಬೇಕಾದ್ದು ಬಿಟ್ಟು ಬೇರೇನೂ ಏಳದ ಸೇಫ್ ಮೋಡಿನಲ್ಲಿ ಎಬ್ಬಿಸಿದ. ವಿಂಡೋಸಿನ ಹೊಟ್ಟೆಯೊಳಗೆ ಅಡಗಿ ಕೂತಿದ್ದ ಮೂಲ ಫೈಲನ್ನು ತಾರೀಕಿನ ಮೇಲೆ ಪತ್ತೆ ಮಾಡಿದ. ಯಂತ್ರ ಎದ್ದ ಕೂಡಲೇ ಅದೂ ಎದ್ದು ಬರುವಂತೆ ಬರೆದುಕೊಂಡಿದ್ದ ಸಾಲನ್ನು ಹುಡುಕಿ ಒರೆಸಿದ. ಇನ್ನೂರ ನಲವತ್ತು ಕೆ.ಬಿ.ಯ ವೇಷಧಾರಿಗಳನ್ನೆಲ್ಲ ಒಟ್ಟಿಗೆ ಸಾಲು ನಿಲ್ಲಿಸಿ, ನಾನ್ನೂರ ಚಿಲ್ಲರೆಯನ್ನು ಒಂದೇ ಏಟಿಗೆ ಅಳಿಸಿದ. ಸಿದ್ದಮಲ್ಲಪ್ಪ ಬಾಯಿ ಬಿಟ್ಟುಕೊಂಡು ನೋಡಿದರು.

ಅಷ್ಟಕ್ಕೆ ನಿಲ್ಲಿಸಿ ಟೀ ಕುಡಿದು ಎದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕೈ ಬಿಸಿಯಾದ ಕಸುಬುದಾರನಿಗೆ ನಿಲ್ಲುವುದು ಗೊತ್ತಿರುವುದಿಲ್ಲ. ಡಿ ಡ್ರೈವಿನ ಒಂದು ಮೂಲೆಯಲ್ಲಿ ಅವನಿಗೆ ಇನ್ನೊಂದು ಫೋಲ್ಡರು ಕಂಡಿತು. ಅದರ ಹೆಸರು ಯಾವ ಭಾಷೆಯದೂ ಅಲ್ಲ. ಟೋಪಿ ಹಾಕಿದ ಎ, ಎರಡು ಚುಕ್ಕೆಯ ಎ, ನಡುವೆ ಒಂದು ಡಬ್ಲ್ಯು, ಕೊನೆಗೊಂದು ಕೊಂಡಿ. ಒಳಗೆ ಹನ್ನೊಂದು ಫೈಲು, ಅವಕ್ಕೂ ಅಂಥವೇ ವಕ್ರ ಹೆಸರು. ಎಲ್ಲವೂ ಹತ್ತು ದಿನದ ಹಿಂದಿನವು. ಟ್ರೋಜನ್ ಹೊಕ್ಕ ವಾರವೂ ಅದೇ. ಗಾತ್ರ ನೋಡಿದರೆ ಒಂದೊಂದೂ ಇಪ್ಪತ್ತು, ಮೂವತ್ತು ಎಂ.ಬಿ. ಅದು ಯಾವ ಬಗೆಯ ಫೈಲು ಎಂದು ಹೇಳುವ ಹೆಸರಿನ ಬಾಲ ಕಾಣದ ಹಾಗೆ ಟ್ರೋಜನ್ ಮೊದಲೇ ಮರೆಮಾಡಿತ್ತು, ಅದನ್ನು ಅವನು ಇನ್ನೂ ಸರಿಪಡಿಸಿರಲಿಲ್ಲ.

ಕಳ್ಳ ಕದ್ದ ಮಾಲನ್ನು ಇಲ್ಲಿ ಗಂಟು ಕಟ್ಟಿಟ್ಟಿದ್ದಾನೆ ಎಂದು ಶಿವಶಂಕರ ತೀರ್ಮಾನಿಸಿದ. ಒಂದನ್ನು ಎರಡು ಸಲ ಒತ್ತಿ ನೋಡಿದ್ದರೆ ಆ ಕೋಣೆಯಲ್ಲಿ ಮುತ್ತಿ ಮಾತಾಡುತ್ತಿದ್ದಳು. ಒತ್ತಲಿಲ್ಲ. ಅನುಮಾನ ಬಂದದ್ದನ್ನು ತೆಗೆದು ನೋಡಬಾರದು ಅನ್ನುವುದು ಅವನ ಕಸುಬಿನ ಮೊದಲ ಪಾಠ. ಆ ಪಾಠವನ್ನು ಅವನು ಅಕ್ಷರಶಃ ಪಾಲಿಸಿದ.

ಹಾಗೆಂದು ಅವನು ಶೋಭಾಳ ಮಾತು ಮರೆತಿರಲಿಲ್ಲ. ಅಳಿಸುವ ಮುಂಚೆ ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಮುತ್ತಿ ಎಂದು ಹೊಡೆದು ನೋಡಿದ. ಏನೂ ಬರಲಿಲ್ಲ. ಒಂದು ಟಿ ಕಡಿಮೆ ಮಾಡಿ ನೋಡಿದ. ಆಗಲೂ ಬರಲಿಲ್ಲ. "ಸಾರ್, ಆ ಫೋಲ್ಡರು ನಿಮ್ಮ ಫೋಲ್ಡರಿನೊಳಗೇ ಇರಬೌದಾ?" ಎಂದು ಕೇಳಿದ. "ಇರ್ತದೆ ಇರ್ತದೆ, ಎಲ್ಲಾ ಅದ್ರೊಳ್ಗೇ ಐತೆ" ಎಂದರು ಸಿದ್ದಮಲ್ಲಪ್ಪ, ಏನೂ ಗೊತ್ತಿಲ್ಲದವರು ಹೇಳುವಷ್ಟು ಧೈರ್ಯದಿಂದ. ಎರಡು ದಿನ ಕಾಯಬಹುದಿತ್ತು. ಭಾನುವಾರ ಶೋಭಾ ಬರುವವಳಿದ್ದಳು. ಆದರೆ ಭಾನುವಾರ ಶಿವಶಂಕರನಿಗೆ ಕೆ.ಆರ್. ನಗರದಲ್ಲಿ ಬೇರೆ ಕೆಲಸ ಒಪ್ಪಿಯಾಗಿತ್ತು.

ವಕ್ರ ಫೋಲ್ಡರನ್ನು ಕಂಪ್ಯೂಟರಿನ ಕಸದ ಬುಟ್ಟಿಗೂ ಹಾಕದೆ, ಎರಡು ಕೀಲಿ ಒಟ್ಟಿಗೆ ಒತ್ತಿ ನೇರ ಅಳಿಸಿದ. ಆಮೇಲೆ ಬೇರು ಉಳಿಯಬಾರದೆಂದು ಒಳ್ಳೆಯ ಫೋಲ್ಡರುಗಳನ್ನು ತನ್ನ ಡಿಸ್ಕಿಗೆ ತುಂಬಿಕೊಂಡು, ಇಡೀ ಯಂತ್ರವನ್ನು ಒರೆಸಿ, ಹೊಸದಾಗಿ ವಿಂಡೋಸ್ ಹಾಕಿ, ಎಲ್ಲವನ್ನೂ ಅದರ ಮೇಲೆ ವಾಪಸು ಸುರಿದ. ಸಂಜೆ ಐದಕ್ಕೆ ಕಂಪ್ಯೂಟರ್ ಮದುವೆಮನೆಯ ಹಂಡೆಯಂತೆ ಫಳಫಳ ಅನ್ನುತ್ತಿತ್ತು. ಅವನು ಶಿಳ್ಳೆ ಹಾಕುತ್ತ ಮೆಟ್ಟಿಲಿಳಿದ.

ಭಾನುವಾರ ಮಧ್ಯಾಹ್ನ ಕೆ.ಆರ್. ನಗರದಲ್ಲಿದ್ದಾಗ ಫೋನ್ ಬಂತು. ಫೋಲ್ಡರ್ ಸಿಗುತ್ತಿಲ್ಲವಂತೆ. ಎಲ್ಲೋ ಇರುತ್ತದೆ, ಈ ಜನಕ್ಕೆ ಹುಡುಕಲು ಬರುವುದಿಲ್ಲ ಎಂದು ಗೊಣಗಿಕೊಂಡೇ ಅವನು ಬೈಕು ತಿರುಗಿಸಿದ.

ಶೋಭಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಮೂರು ದಿನದ ಅಳುವಿನಲ್ಲಿ ಕಣ್ಣು ಊದಿತ್ತು. ಬಾಗಿಲ ಪಕ್ಕದಲ್ಲಿ ಅವಳ ಅಪ್ಪ ಸಣ್ಣ, ಮುತ್ತಿಯ ಮಗ, ಕುರ್ಚಿ ಇದ್ದರೂ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ. ತಾಯಿಯ ದನಿ ಕೇಳಿಸುತ್ತೇನೆ ಬಾ ಎಂದು ಮಗಳು ಕರೆದುಕೊಂಡು ಬಂದಿದ್ದಳು. ಸಿದ್ದಮಲ್ಲಪ್ಪ ಬೀರುವಿಗೆ ಒರಗಿ ನಿಂತಿದ್ದರು.

"ಮುತ್ತಿ ಅಂತ ನಾನು ಹುಡುಕ್ದೆನಲ್ಲಮ್ಮ, ಇರ್ಲೇ ಇಲ್ಲ" ಎಂದ ಶಿವಶಂಕರ.

"ಇಂಗ್ಲೀಷಲ್ಲಿ ಉಡುಕುದ್ರೆ ಸಿಕ್ಕಲ್ಲ ಸಾರ್. ನಾನು ಕನ್ನಡದಲ್ ಬರ್ದಿದ್ದೆ."

"ಕನ್ನಡದಲ್ಲಿ ಹೆಂಗ್ ಬರೀತೀಯಾ? ಫೋಲ್ಡರಿಗೆ ಕನ್ನಡ ಬರಲ್ಲ."

"ಬತ್ತದೆ ಸಾರ್. ನೋಡಕ್ ವಕ್ರ ಕಾಣ್ತದೆ, ಅಷ್ಟೆ."

ಅವಳು ಆಗಲೇ ಸಿ.ಡಿ.ಯಿಂದ ಮತ್ತೆ ಹಾಕಿಕೊಂಡಿದ್ದ ನುಡಿ ಅನ್ನುವ ಕನ್ನಡ ಟೈಪಿಂಗಿನ ತಂತ್ರಾಂಶ ತೆರೆದಳು. ಕನ್ನಡಕ್ಕೆ ಬದಲಾಗಲು ಸ್ಕ್ರೋಲ್ ಲಾಕ್ ಒತ್ತಿದಳು, ಕೀಲಿಮಣೆಯ ಮೂಲೆಯಲ್ಲಿ ಹಸಿರು ದೀಪ ಹತ್ತಿತು. ಮುತ್ತಿ ಎಂದು ಹೊಡೆದಳು. ತೆರೆಯ ಮೇಲೆ ದುಂಡಗೆ ಮುತ್ತಿ ಎಂದು ಮೂಡಿತು. ಆಮೇಲೆ ಆ ಹೆಸರನ್ನು ಆಯ್ದು, ಕನ್ನಡದ ಫಾಂಟು ತೆಗೆದು ಇಂಗ್ಲಿಷಿನ ಫಾಂಟು ಕೊಟ್ಟಳು. ದುಂಡನೆಯ ಅಕ್ಷರ ಹೋಗಿ ಅಲ್ಲಿ ಟೋಪಿ ಹಾಕಿದ ಎ, ಎರಡು ಚುಕ್ಕೆಯ ಎ, ಡಬ್ಲ್ಯು, ಕೊಂಡಿ ನಿಂತವು.

"ಇಂಗೆ ಕಾಣ್ತದೆ. ನಂಗೆ ಇಂಗೇ ಓದಕ್ಕೂ ಬತ್ತದೆ ಸಾರ್. ಅಜ್ಜಿ ಎಸ್ರು ಇಂಗ್ಲೀಷಲ್ ಬರೆಯಕ್ ಮನ್ಸ್ ಬರ್ಲಿಲ್ಲ."

ಶಿವಶಂಕರ ಬಗ್ಗಿ ಆ ಅಕ್ಷರಗಳನ್ನು ಹತ್ತಿರದಿಂದ ನೋಡಿದ. ನಾಲ್ಕು ತಾಲ್ಲೂಕಿನ ಕಂಪ್ಯೂಟರು ಬಿಚ್ಚಿದವನು ಅವನು, ಆದರೆ ಒಂದು ಸಾಲು ಕನ್ನಡ ಟೈಪು ಮಾಡಿದವನಲ್ಲ. ಅದು ಗುಮಾಸ್ತರ ಕೆಲಸ ಎಂದುಕೊಂಡಿದ್ದ. ಶುಕ್ರವಾರ ಮಧ್ಯಾಹ್ನ ತನ್ನ ಬೆರಳು ಒತ್ತಿದ ಎರಡು ಕೀಲಿಗಳು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡವು. ಒರೆಸಿ, ಹೊಸದು ಹಾಕಿ, ಮೇಲೆ ಸುರಿದದ್ದೂ ಕಂಡಿತು. ಇನ್ನು ಬ್ರಹ್ಮ ಬಂದರೂ ಬರುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ತಿಳಿದವರು ಆ ಕೋಣೆಯಲ್ಲಿ ಇರಲಿಲ್ಲ.

ಮೂವರೂ ಅವನ ಮುಖ ನೋಡುತ್ತಿದ್ದರು.

"ವೈರಸ್ ತಿಂದ್ಬುಟ್ಟದೆ" ಎಂದ.

ಡಾಕ್ಟರ ಕೈ ತಪ್ಪಿದರೆ ಹಣೆಬರಹ, ರಿಪೇರಿಯವನ ಕೈ ತಪ್ಪಿದರೆ ವೈರಸ್ಸು. ಆ ಮಾತು ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು, ಎಷ್ಟೋ ಸಲ ಎಷ್ಟೋ ಜನಕ್ಕೆ ಹೇಳಿದ್ದ. ಈ ಸಲ ಅದು ಯೋಚನೆಗೂ ಮುಂಚೆ ಹೊರಗೆ ಬಿತ್ತು. ಆಡಿದ ಮೇಲೆ ಅದನ್ನು ಹಿಂದಕ್ಕೆ ನುಂಗಲು ಒಂದು ಕ್ಷಣ ಇತ್ತು. ಆ ಕ್ಷಣವನ್ನು ಸಿದ್ದಮಲ್ಲಪ್ಪ ಹಾಳು ಮಾಡಿದರು.

"ಎಲ್ಲಿಂದ ಬಂತಪ್ಪ ಈ ವೈರಸ್ಸು?"

"ಯಾವ್ದೋ ಪೆನ್ ಡ್ರೈವಿಂದ ಸಾರ್. ಹೊರಗಡೆ ಹಾಕ್ಕೊಂಡು ತಂದು ಇಲ್ಲಿಗ್ ಹಾಕಿರ್ತಾರೆ."

ಸಿದ್ದಮಲ್ಲಪ್ಪ ಶೋಭಾಳ ಕಡೆ ತಿರುಗಿದರು. ಆಫೀಸಿನ ಪ್ರಿಂಟರ್ ಕೆಟ್ಟು ಆರು ತಿಂಗಳಾಗಿತ್ತು. ಅವರೇ ಹೇಳಿ, ಅವರ ಕಾಗದವನ್ನೇ ಪೆನ್ ಡ್ರೈವಿನಲ್ಲಿ ಹಾಕಿಸಿ, ಪ್ರಿಂಟು ತೆಗೆಸಿಕೊಂಡು ಬಾ ಎಂದು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಅವಳನ್ನು ಕಳಿಸುತ್ತಿದ್ದರು. ಈಗ ಅದು ಅವರಿಗೆ ನೆನಪಾಗಲಿಲ್ಲ.

"ಪೆನ್ ಡ್ರೈವ್ ಆಕ್ತಿದ್ದೋಳು ನೀನೊಬ್ಳೇ ತಾನೆ?"

ಶೋಭಾ ತೆರೆಯ ಮೇಲಿನ ವಕ್ರ ಹೆಸರನ್ನು ನೋಡುತ್ತ ಕೂತಳು. ಆಮೇಲೆ ಬಹಳ ಮೆಲ್ಲಗೆ, "ನಾನೇ ಸಾರ್" ಎಂದಳು. ಬಾಗಿಲ ಬಳಿ ಕೂತಿದ್ದ ಸಣ್ಣ ಎದ್ದು, ಮಗಳಿಗೆ ಏನೂ ಹೇಳದೆ, ಮೆಟ್ಟಿಲಿಳಿದು ಹೊರಟುಹೋದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಯಿತು, ಬರೆಯ ಕಬ್ಬಿಣ ಕಾಯಿಸಿ ಕೊಟ್ಟವನು ಶಿವಶಂಕರ. ಕೊಟ್ಟು ಸುಮ್ಮನೆ ನಿಂತಿದ್ದ.

ಒಂದು ಸಲ ನೋಡುತ್ತೇನೆ ಎಂದು ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಹುಣಸೂರಿಗೆ ಒಯ್ದ. ಸೋಮವಾರ ಬೆಳಿಗ್ಗೆವರೆಗೂ ಅದರ ಮುಂದೆ ಕೂತ. ಅಳಿಸಿದ್ದನ್ನು ಎತ್ತುವ ಸಾಫ್ಟ್‌ವೇರ್ ಮೂರು ಬಗೆಯವು ಇದ್ದವು, ಮೂರನ್ನೂ ಓಡಿಸಿದ. ವಕ್ರ ಹೆಸರುಗಳು ಹನ್ನೊಂದೂ ಸಿಕ್ಕವು. ತೆರೆದರೆ ಒಳಗೆ ಮುದುಕಿಯ ಮಾತಿರಲಿಲ್ಲ. ಬಾಣಲೆಯಲ್ಲಿ ಎಣ್ಣೆ ಸಿಡಿದಂಥ ಸದ್ದು, ಮಿಕ್ಕ ಜಾಗದಲ್ಲಿ ಅವನು ಆಮೇಲೆ ಸುರಿದ ಸಂಘದ ಯಾವುದೋ ಸುತ್ತೋಲೆಯ ತುಣುಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದನ್ನು ಅವನು ಚಿಕ್ಕಂದಿನಿಂದ ಕೇಳಿದ್ದ. ಅಂದು ಅದು ಅವನ ಮೈಗೆ ತಾಗಿತು. ಹಿಯರಿಂಗಿನಲ್ಲಿ ಸಾಹೇಬರು ಅರ್ಧ ಗಂಟೆ ಕಾದು, ಸಾಕ್ಷಿ ಸಾಲದು ಎಂದು ಬರೆದು ಫೈಲು ಕಟ್ಟಿದರು ಎಂದು ಸಂಜೆ ಸುದ್ದಿ ಬಂತು.

ಸಿದ್ದಮಲ್ಲಪ್ಪ ಇನ್ನು ಕಂಪ್ಯೂಟರ್ ಮುಟ್ಟಬೇಡ ಎಂದು ಶೋಭಾಳಿಗೆ ಹೇಳಿದರಂತೆ. ಕಂಪ್ಯೂಟರ್ ಮುಟ್ಟದ ಟೈಪಿಸ್ಟಿಗೆ ಆಫೀಸಿನಲ್ಲಿ ಏನು ಕೆಲಸ? ಅವಳು ಮನೆಗೆ ಹೋದಳಂತೆ. ಇದೆಲ್ಲ ಶಿವಶಂಕರನಿಗೆ ಒಬ್ಬರಿಂದ ಒಬ್ಬರಿಗೆ ದಾಟಿ ಬಂದ ಮಾತು. ಅವನು ಕೋಟೆಯ ಕಡೆ ಹೋಗುವುದನ್ನು ಬಿಟ್ಟಿದ್ದ. ಕೋಟೆಯಿಂದ ಫೋನ್ ಬಂದರೆ ಮೈ ಸರಿಯಿಲ್ಲ ಅನ್ನುತ್ತಿದ್ದ. ಒಂದೊಂದು ದಿನ ಗಿರಾಕಿಯ ಯಂತ್ರದಲ್ಲಿ ಎಲ್ಲಾದರೂ ವಕ್ರ ಹೆಸರು ಕಂಡರೆ ಕೈ ಹಿಂದಕ್ಕೆ ಎಳೆದುಕೊಂಡು, "ಇದು ಯಾರ ಹೆಸರು ಸಾರ್?" ಎಂದು ಕೇಳುತ್ತಿದ್ದ. ಗಿರಾಕಿಗಳು ನಗುತ್ತಿದ್ದರು.

ಡಿಸೆಂಬರಿನಲ್ಲಿ ಪಿರಿಯಾಪಟ್ಟಣದಲ್ಲಿ ತಂಬಾಕು ಹರಾಜು ಜೋರಾಗಿತ್ತು. ಅಲ್ಲೊಂದು ಮಂಡಿಯ ಕಂಪ್ಯೂಟರು ನೋಡಿ ಮುಗಿಸಿ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತಿದ್ದ. ಕೊಡಗಿನ ಕಾಫಿ ತೋಟಗಳಿಗೆ ಆಳುಗಳನ್ನು ತುಂಬಿಕೊಂಡು ಹೋಗುವ ಜೀಪೊಂದು ಡೀಸೆಲ್ ಹಾಕಿಸಿಕೊಂಡು ಬಂದು ನಿಂತಿತು. ಹಿಂದುಗಡೆ ಹದಿನೈದು ಜನ ಹೆಂಗಸರು ಒಬ್ಬರ ಮೇಲೊಬ್ಬರು. ನೀರು ಕುಡಿಯಲು ಇಳಿದವಳು ಶೋಭಾ.

ಅವನಿಗೆ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಿಸಿಲಿಗೆ ಮುಖ ಕಂದಿತ್ತು, ಬೆರಳ ತುದಿ ಕಾಫಿ ಹಣ್ಣಿನ ಅಂಟಿಗೆ ಕಪ್ಪಗಾಗಿತ್ತು. ಅವಳೇ ಮೊದಲು ನಕ್ಕಳು. "ಚೆನ್ನಾಗಿದ್ದೀರಾ ಸಾರ್?"

ಐದು ತಿಂಗಳು ಎದೆಯಲ್ಲಿ ಕುದ್ದದ್ದು ಆ ಒಂದು ಮಾತಿಗೆ ಉಕ್ಕಿಬಿಟ್ಟಿತು. ಅವನು ಟೀ ಲೋಟ ಕೆಳಗಿಟ್ಟ.

"ಶೋಭಾ, ವೈರಸ್ ತಿನ್ಲಿಲ್ಲಮ್ಮ. ನಾನು ಅಳಿಸ್ದೆ. ಆ ಹೆಸ್ರು ನೋಡಿ, ಅದೇ ವೈರಸ್ ಅಂದ್ಕೊಂಡು ನಾನೇ ಅಳಿಸ್ದೆ. ನಿನ್ನ ಪೆನ್ ಡ್ರೈವಿಗೂ ಅದಕ್ಕೂ ಏನೂ ಸಂಬಂಧ ಇಲ್ಲ."

ಶೋಭಾ ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು. ಮತ್ತೆ ತೆಗೆದಳು, ಮತ್ತೆ ತಿರುಗಿಸಿದಳು.

"ಅವತ್ತೇ ಗೊತ್ತಿತ್ತಾ ಸಾರ್ ನಿಮ್ಗೆ?"

"ಗೊತ್ತಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಕೆನ್ನೆಗೆ ಹೊಡೆದಿದ್ದರೂ ಚೆನ್ನಾಗಿತ್ತು. ಅವಳು ಅವನನ್ನು ನೋಡಿದಳು, ಅಷ್ಟೆ. ಜೀಪಿನವನು ಹಾರ್ನ್ ಹೊಡೆದ.

"ನಂಗ್ ಏಳುದ್ರೆ ಏನ್ ಬಂತು ಸಾರ್? ನಮ್ಮಪ್ಪ ನನ್ ಕೂಟೆ ಮಾತಾಡಿ ಐದ್ ತಿಂಗ್ಳಾಯ್ತು. ಅಜ್ಜಿ ಉಸ್ರನ್ನೇ ಡಬ್ಬಿಗ್ ತುಂಬಿ ಕಳ್ದಾಕ್ಬುಟ್ಳು ಅಂತರೆ ಆಡೀಲಿ. ನಾನ್ ಕುಂತ ಕಡೆ ಇನ್ನೊಬ್ರು ಕೂರಲ್ಲ. ಅಲ್ ಬಂದ್ ಏಳಿ ಸಾರ್. ಎಲ್ಲಾರ್ಗೂ ಕೇಳಂಗ್ ಏಳಿ."

"ಬರ್ತೀನಿ" ಎಂದ ಶಿವಶಂಕರ. "ಈ ಭಾನುವಾರವೇ ಬರ್ತೀನಿ."

ಅವಳ ಮುಖದಲ್ಲಿ ಆಗ ಒಂದು ಆಸೆ ಹುಟ್ಟಿತು. ಅದನ್ನು ಕಂಡೇ ಅವನಿಗೆ ಹೆಚ್ಚು ನಾಚಿಕೆಯಾಯಿತು.

ಮಾತಿಗೆ ತಪ್ಪಲಿಲ್ಲ, ಅದೊಂದು ಹೇಳಬೇಕು. ಭಾನುವಾರ ಹತ್ತು ಗಂಟೆಗೆ ಹೊನ್ನೇಮರದ ಹಾಡಿ ತಲುಪಿದ. ಆನೆ ಕಂದಕದ ಈಚೆ ಎರಡು ಸಾಲು ಹೆಂಚಿನ ಮನೆ, ನಡುವೆ ಕೆಂಪು ಮಣ್ಣಿನ ಅಂಗಳ. ಶೋಭಾಳ ಅಪ್ಪ ಸಣ್ಣ ತನ್ನ ಮನೆಯ ಮುಂದೆ ಬಿದಿರು ಸೀಳುತ್ತ ಕೂತಿದ್ದ. ಬೈಕಿನ ಸದ್ದಿಗೆ ಇನ್ನೊಂದಷ್ಟು ಜನ ಬಂದು ನಿಂತರು. ಶೋಭಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಗೆದ ಚೂಡಿದಾರ ಹಾಕಿಕೊಂಡು, ತಲೆ ಬಾಚಿಕೊಂಡಿದ್ದಳು.

ಅವರು ಹಾಸಿಕೊಟ್ಟ ಚಾಪೆಯ ಮೇಲೆ ಶಿವಶಂಕರ ಕೂರಲಿಲ್ಲ. ನಿಂತುಕೊಂಡೇ ಹೇಳಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು. ವೈರಸ್ಸೇ ಬೇರೆ, ಅಜ್ಜಿಯ ಮಾತಿದ್ದ ಫೋಲ್ಡರೇ ಬೇರೆ. ಹೆಸರು ಓದಲು ಬರದೆ ತಾನೇ ಅಳಿಸಿದೆ. ತಪ್ಪು ಗೊತ್ತಾದ ಮೇಲೆ ಹೆದರಿ ಸುಳ್ಳು ಹೇಳಿದೆ. ಹುಡುಗಿಯದು ಎಳ್ಳಷ್ಟೂ ತಪ್ಪಿಲ್ಲ. ಹೇಳಿ ಕೈ ಮುಗಿದ.

ಕತ್ತಿ ಕೆಳಗಿಟ್ಟು ಸಣ್ಣ ಪೂರ್ತಿ ಕೇಳಿದ. ಪಕ್ಕದಲ್ಲಿ ನಿಂತಿದ್ದ ಮುದುಕಿಯೊಬ್ಬಳು ಏನೋ ಅಂದಳು, ಇನ್ನೊಬ್ಬಳು ತಲೆಯಾಡಿಸಿದಳು. ಆಮೇಲೆ ಸಣ್ಣ ಎದ್ದು ಬಂದು ಅವನ ಮುಗಿದ ಕೈಗಳನ್ನು ಹಿಡಿದು ಬಿಡಿಸಿದ.

"ಬ್ಯಾಡಿ ಬುದ್ದಿ. ನೀವು ಒಳ್ಳೇರು. ನಮ್ ಎಣ್ ಕೂಸು ಅತ್ಕಂಡ್ ಕೇಳಿರ್ತದೆ, ನಿಮ್ ಮನ್ಸು ಕರ್ಗೈತೆ."

"ಇಲ್ಲ ಸಣ್ಣ, ಅವಳು ಕೇಳ್ಕೊಂಡಿದ್ದಕ್ಕಲ್ಲ. ನಿಜವಾಗ್ಲೂ ನಾನೇ..."

"ನಮ್ಮನ್ನ ಕಾಡಿಂದ ಎಬ್ಬುಸ್ದಾಗ ನಾನು ಕೈಗೂಸು ಬುದ್ದಿ. ಅವತ್ನಿಂದ ಇವತ್ಗಂಟ ಈ ಆಡಿಗೆ ಎಷ್ಟ್ ಜನ ಬಂದವ್ರೆ. ಜೀಪಲ್ ಬಂದೋರು, ಫೈಲ್ ಇಟ್ಕಂಡ್ ಬಂದೋರು, ಫೋಟಾ ತೆಗ್ಯೋರು. ತೆಪ್ಪು ನಂದು ಅಂತ ಬಂದ್ ಏಳ್ದೋರು ಒಬ್ರಿಲ್ಲ. ಉಣ್ಸೂರಿಂದ ಪೆಟ್ರೋಲ್ ಸುಟ್ಕಂಡು ಅದ್ನೇಳಕೆ ಒಬ್ರು ಬತ್ತಾರೆ ಅಂದ್ರೆ ಎಂಗ್ ನಂಬದು? ಅವತ್ತು ನೀವ್ ಏಳುದ್ರಲ್ಲ, ಅದು ನಿಜ. ಇವತ್ ಏಳ್ತಿರದು ದಯೆ."

ಸುತ್ತ ನಿಂತವರು ಹೌದೌದು ಎಂದು ತಲೆದೂಗಿದರು. ಶಿವಶಂಕರ ಆಣೆ ಮಾಡಿದ. ತಾಯಿಯ ಮೇಲೆ ಆಣೆ ಮಾಡಿದ, ಮಕ್ಕಳ ಮೇಲೆ ಮಾಡಿದ. ಅವನು ಆಣೆ ಮಾಡಿದಷ್ಟೂ ಅವರ ಕಣ್ಣಲ್ಲಿ ಅವನ ಮೇಲಿನ ಮರುಕ ಹೆಚ್ಚಾಯಿತು. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ್ದರು. ಯಾರೋ ಒಬ್ಬ ಹೆಂಗಸು ಒಳಗಿನಿಂದ ಅವನಿಗೆ ಬೆಲ್ಲದ ಕಾಫಿ ತಂದು ಕೊಟ್ಟಳು. ಬೇಡ ಅನ್ನಲಾರದೆ ಲೋಟ ಹಿಡಿದುಕೊಂಡ.

ಬಾಗಿಲಲ್ಲಿ ಶೋಭಾ ಹಾಗೇ ನಿಂತಿದ್ದಳು. ಸಣ್ಣ ತನ್ನ ಮನೆಯ ಕಡೆ ತಿರುಗಿ ಎರಡು ಹೆಜ್ಜೆ ಹಾಕಿ ಅವಳ ಎದುರು ನಿಂತ. ಅಪ್ಪ ತನ್ನನ್ನೇ ನೋಡುತ್ತಿದ್ದಾನೆಂದು ತಿಳಿದು ಅವಳು ತಲೆ ಎತ್ತಿದಳು. ಐದು ತಿಂಗಳ ಮೇಲೆ ಅವನು ಮಗಳ ಜೊತೆ ಮಾತಾಡಿದ.

"ನೀನ್ ಮಾಡಿದ್ದು ಸಾಲ್ದು ಅಂತ, ಒಳ್ಳೇರ್ ಕೈಲೂ ಸುಳ್ಳೇಳುಸ್ತೀಯಾ?"

ಅಷ್ಟು ಹೇಳಿ ಅವನು ವಾಪಸು ಬಂದು ಬಿದಿರು ಸೀಳಲು ಕೂತ. ಶೋಭಾ ಶಿವಶಂಕರನ ಕಡೆ ಒಂದು ಸಲ ನೋಡಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು.